ಅಜ್ಜಿಯ ಪಾಲಿನ ವಾಗ್ದಾನ

ಆಗೆಲ್ಲ ಕ್ರಿಸ್‌ಮಸ್‌ಗೆ ಕರಿದ ಕಜ್ಜಾಯ, ರೋಸ್ ಕುಕೀಸ್ ಡಬ್ಬಿಯ ತಳ ಕಾಣುವ ಹೊತ್ತಿಗೆ ಹೊಸ ವರ್ಷ ಬರುತ್ತಿತ್ತು. ಅವತ್ತಿನ ಬೆಳಗಿನ ಆರಾಧನೆಯಲ್ಲಿ ತಟ್ಟೆ ತುಂಬ ವಾಗ್ದಾನದ ಕಾರ್ಡುಗಳು. ಬೈಬಲ್ಲಿನ ಒಂದೊಂದು ವಚನ ಅಚ್ಚಾದ ಬಣ್ಣದ ಚೀಟಿಗಳವು. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಂಡರೆ, ಅದೇ ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ಮಾತು. ನಾವು ಮಕ್ಕಳು ಮಾತ್ರ ಅರೆಗಣ್ಣು ಬಿಟ್ಟು ಗುಲಾಬಿ ಬಣ್ಣದ್ದನ್ನೇ ಹುಡುಕುತ್ತಿದ್ದೆವು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪನ ತಾಯಿ ಕಣ್ಣಿನ ಆಪರೇಷನ್ನಿಗೆಂದು ಗುಬ್ಬಿಯಿಂದ ಮರಳೂರಿನ ನಮ್ಮ ಮನೆಗೆ ಬಂದಿದ್ದಳು. ಅಪ್ಪ ಮದುವೆಗೆ ಮುಂಚೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿದ್ದರು. ಅಜ್ಜಿ ಪಡೆದಿರಲಿಲ್ಲ. ಅದೇ ಡಿಸೆಂಬರಿನಲ್ಲಿ ಸಂಡೇ ಸ್ಕೂಲ್ ಟೀಚರ್, ರಕ್ಷಣೆ ಹೊಂದಿ ಪರಲೋಕ ಸೇರುವವರನ್ನು ದೇವರು ಮೊದಲೇ ಆರಿಸಿಟ್ಟಿದ್ದಾನೆ ಎಂದು ಹೇಳಿಕೊಟ್ಟರು. ಮಿಕ್ಕವರ ಗತಿ ಏನು ಎಂದು ಕೇಳಿದ್ದಕ್ಕೆ, "ಅದು ಆತನ ಚಿತ್ತ ಕಣಮ್ಮ, ಕೂತ್ಕೋ" ಎಂದರು. ಕೂತೆ. ಆದರೆ ಅಜ್ಜಿಯ ಮಗ್ಗುಲಲ್ಲಿ ಮಲಗುವಾಗಲೆಲ್ಲ ಅದೇ ಯೋಚನೆ. ದೇವರು ಇವಳನ್ನು ಆರಿಸಿರದಿದ್ದರೆ? ಇವಳಿಲ್ಲದ ಪರಲೋಕದಲ್ಲಿ ನಾನೇನು ಮಾಡಲಿ?

ಹೊಸ ವರ್ಷದ ದಿನ ಅಜ್ಜಿಯೂ, ಕಣ್ಣು ಇನ್ನೂ ಮಂಜಾಗಿದ್ದರೂ, ಕಪ್ಪು ಕನ್ನಡಕ ಹಾಕಿಕೊಂಡು ಚರ್ಚಿಗೆ ಬಂದಳು. ತಟ್ಟೆ ಹಿಡಿದು ಬಂದ ಸಭೆಯ ಹಿರಿಯರು ನನಗೆ ಒಡ್ಡಿದರು, ಎತ್ತಿಕೊಂಡೆ. ಅಜ್ಜಿಯೂ ಕೈ ಚಾಚಿದಳು. ಅವರು ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡು, "ನಿಮ್ಗಿನ್ನೂ ದೀಕ್ಷಾಸ್ನಾನ ಆಗಿಲ್ವಲ್ಲಮ್ಮ" ಎಂದು ಮೆಲ್ಲಗೆ ಹೇಳಿ ಮುಂದೆ ಹೋದರು. ಅಜ್ಜಿ ಚಾಚಿದ ಕೈಯಿಂದಲೇ ಸೆರಗು ಸರಿಮಾಡಿಕೊಂಡಳು. ನನಗೆ ಅಳು ಬಂತು. ಸಿಟ್ಟೂ ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ.

ಮನೆಗೆ ಬಂದು ನನ್ನ ಕಾರ್ಡನ್ನು ಅವಳ ಕೈಗಿಟ್ಟೆ. "ಇದು ನಿಂದು ಅಜ್ಜಿ. ಹೆದರ್ಕೋಬೇಡ, ನೀನು ದೇವರ ಪಾಲಿನೋಳು ಅಂತ ಇದ್ರಲ್ಲಿ ಬರ್ದಿದೆ."

"ನಿಂದೆಲ್ಲೇ?"

"ನಂಗೆ ಸಿಕ್ಕಲಿಲ್ಲ."

ಸುಳ್ಳು ಹೇಳಿದ್ದೆ. ಅವಳನ್ನು ಪರಲೋಕದೊಳಗೆ ಕಳಿಸಿ ನಾನು ಹೊರಗುಳಿದೆ ಎಂದುಕೊಂಡು ವಾರವಿಡೀ ಹೆದರಿ ಸತ್ತೆ.

ಮುಂದಿನ ಭಾನುವಾರ ಆರಾಧನೆ ಮುಗಿದದ್ದೇ ತಡ, ಅಜ್ಜಿ ನನ್ನನ್ನು ದರದರ ಎಳೆದುಕೊಂಡು ಹೋಗಿ ಅಯ್ಯನವರ ಮುಂದೆ ನಿಂತಳು. ನಮ್ಮ ಪಾದ್ರಿಗಳನ್ನು ಹಾಗೇ ಕರೆಯುತ್ತಿದ್ದೆವು.

"ಸ್ವಾಮಿ, ಮಗೀಗೆ ಚೀಟಿ ಸಿಕ್ಕಿಲ್ವಂತೆ. ನಂದ್ ಬುಡಿ, ಇವ್ಳಿಗೊಂದ್ ಕೊಡಿ."

ಅಯ್ಯನವರು ನನ್ನ ಮುಖ ನೋಡಿದರು. ಬಿಕ್ಕುತ್ತಾ ಎಲ್ಲವನ್ನೂ ಒದರಿಬಿಟ್ಟೆ. ಅವರು ಒಳಗಿನಿಂದ ಅದೇ ತಟ್ಟೆ ತಂದರು. ಇನ್ನೂ ಅರ್ಧ ತುಂಬಿತ್ತು.

"ನೋಡವ್ವ, ಎಷ್ಟು ಮಿಕ್ಕಿದಾವೆ. ಎಲ್ರೂ ಬರ್ಲಿ ಅನ್ನೋದೇ ದೇವರ ಇಷ್ಟ. ಅದಕ್ಕೇ ನಾನು ತಲೆ ಎಣಿಸಿ ತರ್ಸಲ್ಲ. ಹಂಚೋ ನಾವು ಕೈ ಹಿಂದಕ್ಕೆ ತಗೊಂಡ್ರೆ, ಅದು ನಮ್ಮ ಬುದ್ಧಿ, ಆತನ ಚಿತ್ತ ಅಲ್ಲ."

ತಟ್ಟೆಯನ್ನು ಮೊದಲು ಅಜ್ಜಿಗೆ ಒಡ್ಡಿದರು. ಅವಳು ಎಲೆ‌ಅಡಿಕೆ ಚೀಲದಿಂದ ಗುಲಾಬಿ ಕಾರ್ಡು ತೆಗೆದು ತೋರಿಸಿದಳು. "ನಂದೈತೆ ಸ್ವಾಮಿ. ಮಗು ಕೊಟ್ಟದೆ."

ಅಜ್ಜಿ ಕೊನೆಯವರೆಗೂ ದೀಕ್ಷಾಸ್ನಾನ ಪಡೆಯಲಿಲ್ಲ. ದೇವರು ಯಾರನ್ನು ಆರಿಸಿದ, ಯಾರನ್ನು ಬಿಟ್ಟ ಎಂಬ ವಾದಗಳನ್ನು ಆಮೇಲೆ ಎಷ್ಟೋ ಕೇಳಿದ್ದೇನೆ. ಆ ಅರ್ಧ ತಟ್ಟೆಯಷ್ಟು ಸಮಾಧಾನ ಯಾವುದೂ ಕೊಡಲಿಲ್ಲ.

ಈಗ ಅದೇ ಚರ್ಚಿನಲ್ಲಿ ಕಾರ್ಡು ಹಂಚುವವಳು ನಾನು. ಸಭೆಯ ಪಟ್ಟಿ ನೋಡಿ, ಒಬ್ಬೊಬ್ಬರ ಹೆಸರು ಹಾಕಿಸಿ ಪ್ರಿಂಟ್ ಮಾಡಿಸುತ್ತೇವೆ. ಬಲು ಚೆನ್ನಾಗಿ ಬರುತ್ತವೆ. ಒಂದೂ ಮಿಗುವುದಿಲ್ಲ.