ಸತ್ತವರ ಮಾತು ಮೀರಿದ ಪಾಪ

ನನ್ನ ಚಂದ್ರಿಕೆಯನ್ನು ಯಾರೂ ಕದ್ದಿರಲಿಲ್ಲ. ನಾನೇ ಕೊಟ್ಟಿಗೆಯ ಅಟ್ಟಕ್ಕೆ ಹಾಕಿಸಿ ಮರೆತಿದ್ದೆ. ನಡೆದದ್ದು ಇಷ್ಟೇ. ಆದರೆ ರೇಷ್ಮೆಹುಳು ಹಣ್ಣಾದ ದಿನ, ಅದನ್ನು ಗೂಡು ಕಟ್ಟಲು ಬಿಡುವ ಆ ಬಿದಿರಿನ ತಟ್ಟಿ ಕೈಗೆ ಸಿಗದಿದ್ದರೆ ತಲೆ ನಿಲ್ಲುವುದಿಲ್ಲ. ಹಾಲಿನ ಡೈರಿ ಮುಂದೆ, ಕ್ಯಾನು ಹಿಡಿದು ನಿಂತ ಅಷ್ಟೂ ಜನರ ಎದುರಿಗೆ, ಕದ್ದವಳು ನನ್ನ ಓರಗಿತ್ತಿ ಲೂರ್ದಮ್ಮ ಎಂದುಬಿಟ್ಟೆ. ಆಮೇಲೆ ಚಂದ್ರಿಕೆ ಸಿಕ್ಕಿತು. ಸಿಕ್ಕಿತೆಂದು ಹೇಳಿದೆನೇ? ಅದರ ಮುಂದಕ್ಕೆ ಒಂದಷ್ಟು ಹುಲ್ಲು ಎಳೆದೆ. ಅತ್ತ ಲೂರ್ದಮ್ಮನ ಹುಳು ಹಣ್ಣಾದಾಗ, ಕಳ್ಳಿ ಎಂಬ ಹೆಸರು ಬಿದ್ದ ಅವಳಿಗೆ ಬಾಡಿಗೆಗೂ ಚಂದ್ರಿಕೆ ಕೊಡುವವರಿಲ್ಲ.

ಇದರ ನಡುವೆಯೂ ನಾನು ತಿಂಗಳು ತಿಂಗಳು ತಪ್ಪದೆ ಪಾಪನಿವೇದನೆ ಮಾಡುತ್ತಿದ್ದೆ. ಕೋಡಿಹಳ್ಳಿ ಕಡೆಯ ನಮ್ಮ ಊರಿನ ಚರ್ಚಿನಲ್ಲಿ ಮಂಡಿಯೂರಿ ಸ್ವಾಮಿಗಳ ಕಿವಿಗೆ ಪಾಪ ಒಪ್ಪಿಸುವುದು, ಮಗ್ಗಿ ಒಪ್ಪಿಸಿದ ಹಾಗೆ. ಚಿಕ್ಕವಳಿದ್ದಾಗ, ಮಕ್ಕಳಿಗೆ ಚರ್ಚಿನ ಪಾಠ ಹೇಳುತ್ತಿದ್ದ ಉಪದೇಶಿ ತಾತ ಬಾಯಿಪಾಠ ಮಾಡಿಸಿದ್ದ: ಸುಳ್ಳು ಹೇಳಿದೆ, ಜಪದ ಹೊತ್ತಿನಲ್ಲಿ ತೂಕಡಿಸಿದೆ, ತಂದೆತಾಯಿಗಳ ಮಾತು ಮೀರಿದೆ. ನನ್ನ ಓದು ಅಲ್ಲಿಗೇ ನಿಂತಿತು. ಪಾಪವೂ ಅಲ್ಲಿಗೇ ನಿಂತಿತು. ನಮ್ಮ ಸಾಲಿನ ಹೆಂಗಸರೆಲ್ಲರದ್ದೂ ಅದೇ ಪಾಪ, ಒಂದೇ ಅಳತೆಯ ರವಿಕೆ ಹೊಲಿಸಿಕೊಂಡವರ ಹಾಗೆ. ಗಂಡಸರಂತೂ ಬಸ್ಸು ಹಿಡಿಯುವ ಅವಸರದಲ್ಲಿ ಹೇಳಿ ಏಳುತ್ತಾರೆ. ಊರಲ್ಲಿ ಬದು ಒತ್ತುವವರಿದ್ದಾರೆ, ಹಾಲಿಗೆ ನೀರು ಬೆರೆಸುವವರಿದ್ದಾರೆ. ಚರ್ಚಿನೊಳಗೆ ಹೋದರೆ ಬರೀ ತೂಕಡಿಸಿದವರು.

ಹಳೆಯ ಸ್ವಾಮಿಗಳು ಕಣ್ಣು ಮುಚ್ಚಿಕೊಂಡು ಕೇಳಿ, ಪ್ರಾಯಶ್ಚಿತ್ತಕ್ಕೆ ಒಂದು ಜಪಸರ ಮಾಡಲು ಹೇಳಿ ಕಳಿಸುತ್ತಿದ್ದರು. ಹೊಸಬರು ಬಂದರು, ವಯಸ್ಸು ಚಿಕ್ಕದು, ಕಿವಿ ಚುರುಕು. ನನ್ನ ಮಗ್ಗಿಯನ್ನು ಕೊನೆಯ ಸಾಲಿನಲ್ಲಿ ತಡೆದರು.

"ಅಜ್ಜಿ, ನಿಮ್ಮ ತಂದೆತಾಯಿ ಇದ್ದಾರಾ?"

"ಎಲ್ಲವ್ರೆ ಸ್ವಾಮಿ? ಯಾವಾಗ್ಲೋ ಮಣ್ಣಾದ್ರು."

"ಮತ್ತೆ ಈ ತಿಂಗಳು ಅವರ ಮಾತು ಹೇಗೆ ಮೀರಿದಿರಿ?"

ಇಷ್ಟು ವಯಸ್ಸಿಗೆ ಮೊದಲ ಸಲ ಆ ಜಾಗದಲ್ಲಿ ಬಾಯಿಪಾಠವಲ್ಲದ ಮಾತು ಹೊರಟಿತು. ಚಂದ್ರಿಕೆಯೇ ಬಂತು, ಹುಲ್ಲಿನ ಸಮೇತ.

"ಕದ್ದಳು ಅಂತ ಎಲ್ಲಿ ಹೇಳಿದಿರಿ?"

"ಡೈರಿ ತಾವ."

"ಕದ್ದಿಲ್ಲ ಅಂತಲೂ ಅಲ್ಲೇ ಹೇಳಿ."

"ಅದ್ಕಿಂತ ಒಸಿ ಜಪಸರ ಜಾಸ್ತಿ ಕೊಟ್ಬುಡಿ ಸ್ವಾಮಿ, ಮಂಡಿ ನೋವಿದ್ರೂ ಮಾಡ್ತೀನಿ."

"ಜಪಸರ ಮಾಡಿದರೆ ಲೂರ್ದಮ್ಮನಿಗೆ ಚಂದ್ರಿಕೆ ಸಿಗುತ್ತಾ ಅಜ್ಜಿ?"

ಅದರ ಮೇಲೆ ಸ್ವಾಮಿಗಳ ನಗು ಬೇರೆ. ಮನೆಯವರೆಗೂ ಅವರನ್ನು ಬೈದುಕೊಂಡೇ ಬಂದೆ. ಬೈಯುತ್ತಾ ಬೈಯುತ್ತಾ ತಿಳಿಯಿತು, ಬೈದು ಎಷ್ಟು ದಿನವಾಗಿತ್ತು ಎಂದು. ಮೊದಲೆಲ್ಲ ಹಾಲು ಕರೆಯುವಾಗ ನಾನು ದೇವರೊಂದಿಗೆ ಜಗಳವಾಡುತ್ತಿದ್ದೆ: ಹಿಪ್ಪುನೇರಳೆಗೆ ರೋಗ ಯಾಕೆ ಬಂತು, ನನ್ನ ಸೊಂಟ ನಿನಗೇನು ಮಾಡಿತ್ತು? ಅವನೂ ಕೇಳಿಸಿಕೊಳ್ಳುತ್ತಿದ್ದ. ಹುಲ್ಲು ಎಳೆದ ದಿನದಿಂದ ಆ ಸಲಿಗೆ ಹೋಯಿತು. ಬೀಗರ ಮನೆಗೆ ಹೋದವಳ ಹಾಗೆ ಸೆರಗು ಹೊದ್ದು, ಅಳೆದು ತೂಗಿ, ಬರೀ ಕಲಿತ ಮಾತು ಆಡುತ್ತಿದ್ದೆ. ದೇವರು ಮುನಿಸಿಕೊಂಡಿದ್ದಾನೆ ಎಂದುಕೊಂಡಿದ್ದೆ. ಅವನೇನು ಮುನಿಯುತ್ತಾನೆ, ಅಟ್ಟದ ಕಡೆ ಮಾತು ಹೋಗಬಾರದೆಂದು ನಾನೇ ಬಾಯಿ ಕಟ್ಟಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಡೈರಿಗೆ ಹೋದೆ. ಲೂರ್ದಮ್ಮ ಸಾಲಿನ ಮುಂದೆ, ನಾನು ನಡುವೆ. ಕ್ಯಾನು ಕೆಳಗಿಟ್ಟು ಹೇಳಿದೆ: "ಚಂದ್ರಿಕೆ ನಮ್ಮಟ್ಟದಲ್ಲೇ ಇತ್ತು. ಇವ್ಳು ಕದ್ದಿಲ್ಲ. ಗೊತ್ತಾದ್ಮೇಲೂ ನಾನು ಬಾಯ್ಬುಡ್ನಿಲ್ಲ."

ಹಾಲು ಅಳೆಯುವವನ ಕೈ ಅಲ್ಲೇ ನಿಂತಿತು. ಲೂರ್ದಮ್ಮ ತಿರುಗದೆಯೇ ಅಂದಳು:

"ಒಸಿ ಜೋರಾಗಿ ಯೋಳಕ್ಕ. ಹಿಂದ್ಗಡೆಯೋರ್ಗೆ ಕೇಳಿಸ್ನಿಲ್ಲ."

ಜೋರಾಗಿ ಹೇಳಿದೆ.