ಬೋಳು ಹೊಸಿಲು

ಹೊಸಿಲ ಮುಂದೆ ಅಂಟಿಸಿದ್ದ ರಂಗೋಲಿಯ ಒಂದು ಮೂಲೆ ಎದ್ದು ಬಂದು, ಅದರ ಕೆಳಗೆ ಕಪ್ಪಗೆ ಕೊಳೆ ಸೇರಿಕೊಂಡಿತ್ತು. ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕಿದ ತಾವರೆ, ಎರಡು ಹಂಸ, ನಡುವೆ ದೀಪ. ಯಾರೋ ಅದರ ಮೇಲೇ ಫಿನಾಯಿಲ್ ಹಾಕಿ ಒರೆಸಿದ್ದರು. ಬಾಡಿಗೆಗೆ ಮನೆ ನೋಡಲು ಹೋಗಿದ್ದವಳು ನಾನು. ಒಳಗೆ ಕಾಲಿಡುವುದು ಬಿಟ್ಟು ಆ ಎದ್ದ ಮೂಲೆಯನ್ನೇ ನೋಡುತ್ತ ನಿಂತೆ. ಫಿನಾಯಿಲಿನ ಅಡಿಯಿಂದ ಎಲ್ಲಿಂದಲೋ ಸಗಣಿ ನೀರಿನ ವಾಸನೆ ಬಂದಂತಾಯಿತು... ಹಸಿ ನೆಲದ ಮೇಲೆ ರಂಗೋಲಿ ಪುಡಿ ಬಿದ್ದಾಗ ಏಳುತ್ತಿದ್ದ ವಾಸನೆ.

"ಏನಮ್ಮ ನೋಡ್ತಾ ನಿಂತ್ಬುಟ್ರಿ? ರಂಗೋಲಿ ಬುಡೋ ತಾಪತ್ರಯನೇ ಇಲ್ಲ, ಅಂಟ್ಸ್‌ಬುಟ್ಟಿವ್ನಿ. ನೀರ್ ಉಯ್ದ್ರೂ ಓಗಲ್ಲ," ಎಂದರು ಓನರ್.

ಮಂಡ್ಯದ ಈ ಬೀದಿಯಲ್ಲೇ ನಾನು ಹುಟ್ಟಿ ಬೆಳೆದದ್ದು. ಮದುವೆಯಾದ ಮೇಲೆ ಬಿಟ್ಟೆ; ಅಮ್ಮ ಹೋದ ಮೇಲೆ ತವರಿನ ಮನೆಯೂ ಮಾರಿಹೋಯಿತು. ಇಷ್ಟು ವರ್ಷ ಇದ್ದದ್ದು ಮೈಸೂರಿನ ಆಚೆಯ ಒಂದು ಗೇಟೆಡ್ ಲೇಔಟಿನಲ್ಲಿ. ಗೇಟಿಗೆ ಸೆಕ್ಯುರಿಟಿ, ಸುತ್ತ ಕಾಂಪೌಂಡು, ಒಳಗೆ ಹುಲ್ಲುಹಾಸು. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕೆಂದರೂ ಕಾರು ತೆಗೆಯಬೇಕು. ಯಜಮಾನರು ಇರುವ ತನಕ ತೆಗೆದರು. ಅವರು ಹೋದ ಮೇಲೆ ನಾನು ಆ ಹುಲ್ಲುಹಾಸಿನ ಸುತ್ತ ಜೈಲಿನವರ ಹಾಗೆ ಸುತ್ತು ಹೊಡೆಯುತ್ತಿದ್ದೆ. ಮಗಳ ಮನೆ ಮದ್ದೂರಿನಲ್ಲಿ, ಮಹಡಿಯ ಮೇಲೆ. ನನ್ನ ಮಂಡಿಗೆ ಆ ಮೆಟ್ಟಿಲು ಆಗದು. ಮಂಡ್ಯದ ಈ ಬೀದಿಯಲ್ಲಾದರೆ ಎಲ್ಲವೂ ವಾಕಿಂಗ್ ಡಿಸ್ಟನ್ಸು: ಮೆಡಿಕಲ್ ಸ್ಟೋರು, ಸೊಪ್ಪಿನವಳು, ಡಾಕ್ಟರು, ಮದ್ದೂರಿನ ಬಸ್ಸು. ಮಗಳು ಒಪ್ಪಿದಳು, ಒಂದು ಕಂಡೀಷನ್ ಹಾಕಿ.

"ನೀನೊಬ್ಳೇ ಇರೋಳು. ಸೇಫಾ ಅಂತ ನೀನೇ ಸರಿಯಾಗಿ ನೋಡಿ ಹೇಳಮ್ಮ. ಸೇಫ್ ಇಲ್ಲ ಅಂದ್ರೆ ಬೇಡ್ವೇ ಬೇಡ."

ಅದಕ್ಕೇ ಓನರನ್ನು ಕೇಳಿದೆ.

"ಸೇಫ್ಟಿಗೇನ್ ಮೋಸ ಇಲ್ಲ ಕಣಮ್ಮ. ಬೀದಿ ಉದ್ದುಕ್ಕೂ ಕ್ಯಾಮ್ರ ಅವೆ," ಎಂದರು.

"ಯಾರು ನೋಡ್ತಾರೆ ಅದನ್ನ?"

"ದಿನಾ ಯಾರ್ ಕೂತ್ಕೊಂಡು ನೋಡ್ತಾರಮ್ಮ? ಏನಾರ ಆದ್ಮೇಲೆ ನೋಡ್ಬೋದು."

ಆದ ಮೇಲೆ ನೋಡಬಹುದು... ಆಗುವ ಮುಂಚೆಯೇ ನೋಡುತ್ತಿದ್ದವಳೊಬ್ಬಳು ಈ ಬೀದಿಯಲ್ಲಿದ್ದಳು.

ಬೀದಿಯೆಲ್ಲ ಅವಳನ್ನು ದೊಡ್ಡಮ್ಮ ಎನ್ನುತ್ತಿತ್ತು. ಸಂಬಂಧದಲ್ಲಿ ಅವಳು ಯಾರಿಗೂ ದೊಡ್ಡಮ್ಮನಲ್ಲ. ಯಲಿಯೂರಿನ ಕಡೆಯವಳು. ಗಂಡನನ್ನು ಅವಳೇ ಬಿಟ್ಟು ಬಂದಳೆಂದು ಕೆಲವರು, ಅವನೇ ಬಿಟ್ಟನೆಂದು ಕೆಲವರು. ನಮ್ಮ ಮನೆಯ ಎದುರಿಗೆ ಅವಳದೊಂದು ಕೋಣೆ, ಪಕ್ಕದಲ್ಲಿ ಕೊಟ್ಟಿಗೆ, ಎರಡು ಎಮ್ಮೆ. ಬೆಳಗಾಗುತ್ತಲೇ ಹಾಲು ಕರೆದು ಮನೆಮನೆಗೆ ಹಾಕಿಕೊಂಡು ಬರುವುದು ಅವಳ ಜೀವನ. ಎತ್ತರದ ಆಳು. ದನಿ ಎಂಥದೆಂದರೆ, ಸಕ್ಕರೆ ಕಾರ್ಖಾನೆಯ ಸೈರನ್ನಿಗೆ ಏಳದ ನನ್ನ ಅಪ್ಪ ಅವಳ ಕೂಗಿಗೆ ಏಳುತ್ತಿದ್ದರು.

ಹಾಲು ಹುಯ್ಯುವಾಗ ಅವಳ ಕಣ್ಣು ಪಾತ್ರೆಯ ಮೇಲಿರುತ್ತಿರಲಿಲ್ಲ, ಹೊಸಿಲ ಮುಂದಿನ ರಂಗೋಲಿಯ ಮೇಲಿರುತ್ತಿತ್ತು. ಆ ಕಾಲದಲ್ಲಿ ಎದ್ದ ಕೂಡಲೇ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡದ ಮನೆ ನಮ್ಮ ಬೀದಿಯಲ್ಲಿರಲಿಲ್ಲ. ಸಾವಾದ ಮನೆಯವರು ಮಾತ್ರ ಬಿಡುತ್ತಿರಲಿಲ್ಲ. ಹಾಗಾಗಿ ಬೋಳು ಹೊಸಿಲು ಕಂಡರೆ ದೊಡ್ಡಮ್ಮ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಬೋಳೇ ಆಗಬೇಕೆಂದಿಲ್ಲ, ಎಳೆ ಸೊಟ್ಟಗಾಗಿದ್ದರೂ ಸಾಕು. ಮೂಲೆಮನೆಯಾತ ಹೆಂಡತಿಗೆ ಹೊಡೆಯುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ದೊಡ್ಡಮ್ಮ ಮಾತ್ರ ಅವನ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದಳು.

"ಏನ್ ಸ್ವಾಮಿ, ಇವತ್ತು ನಿಮ್ಮನೆ ಎಳೆಯೆಲ್ಲ ನಡುಗ್ಬುಟ್ಟವಲ್ಲ? ಆ ಎಣ್ಮಗಳ ಕೈಗೆ ಏನಾಗದೆ? ಕರೀರಿ ಈಚ್ಗೆ, ನಾನೂ ವಸಿ ನೋಡ್ತೀನಿ."

ಆತ ಬಾಗಿಲು ಹಾಕಿಕೊಂಡ. ಆದರೆ ಅದಾದ ಮೇಲೆ ಬಹಳ ದಿನ ಆ ಮನೆಯ ಎಳೆಗಳು ನೆಟ್ಟಗಿದ್ದವು.

ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ನಾನು ಕಾನ್ವೆಂಟಿಗೆ ಹೋಗುವ ಹುಡುಗಿ. ಸಿಸ್ಟರುಗಳು ನಮಗೆ ಮ್ಯಾನರ್ಸ್ ಹೇಳಿಕೊಡುತ್ತಿದ್ದರು. ಬೇರೆಯವರ ಬಾಗಿಲಲ್ಲಿ ಇಣುಕಬಾರದು, ಪರ್ಸನಲ್ ಪ್ರಶ್ನೆ ಕೇಳಬಾರದು, ದನಿ ಎತ್ತಬಾರದು. ದೊಡ್ಡಮ್ಮ ಆ ಮೂರನ್ನೂ ನಾನು ಸ್ಕೂಲಿಗೆ ಹೊರಡುವುದರೊಳಗೆ ಮಾಡಿ ಮುಗಿಸಿರುತ್ತಿದ್ದಳು. ಒಂದು ಬೆಳಿಗ್ಗೆ ಅಮ್ಮನ ಬದಲು ನಾನು ರಂಗೋಲಿ ಬಿಟ್ಟಿದ್ದೆ.

"ಇದ್ಯಾರ್ ಕೈನವ್ವ? ಕೋಳಿ ಕೆರ್ದಂಗದೆ! ಕಾನ್ವೆಂಟ್ನಲ್ಲಿ ಇದುನ್ನೇಳ್ಕೊಡಾಕಿಲ್ವಾ? ನಿಮ್ಮವ್ವ ಎಲ್ಲಿ, ಮಲ್ಗವ್ಳಾ? ಯಾಕ್ ಮಲ್ಗವ್ಳೆ?"

"ಮೈಂಡ್ ಯುವರ್ ಓನ್ ಬಿಸಿನೆಸ್," ಎಂದೆ, ಸಿಸ್ಟರುಗಳ ಹಾಗೆ ಕುತ್ತಿಗೆ ನೆಟ್ಟಗೆ ಮಾಡಿ.

"ಬಿಸ್ನೆಸ್ಸಾ? ನನ್ ಬಿಸ್ನೆಸ್ಸು ಆಲು ಕಣವ್ವ, ಅದ್ಕೇ ಬಂದಿವ್ನಿ. ಪಾತ್ರೆ ತತ್ತಾ."

ಅಮ್ಮ ಮಲಗಿದ್ದು ಬಸುರಿಯಾಗಿದ್ದರಿಂದ. ಅದು ನನಗೆ ಇನ್ನೂ ಗೊತ್ತಿರಲಿಲ್ಲ. ಹಾಲು ಹಾಕುವವಳಿಗೆ ಗೊತ್ತಿತ್ತು.

ಅದಾದ ಕೆಲವೇ ವಾರಕ್ಕೆ ಆ ಬೆಳಿಗ್ಗೆ ಬಂತು. ಕಾರ್ಖಾನೆಯ ರಾತ್ರಿ ಪಾಳಿಗೆ ಹೋದ ಅಪ್ಪ ಇನ್ನೂ ಬಂದಿರಲಿಲ್ಲ. ನಾನು ಒಂಟಿ ಸಾಕ್ಸು ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದೆ. ಹೊರಗಿನಿಂದ ಆ ದನಿ.

"ಯಾಕವ್ವಾ? ಒಸ್ಲು ಬೋಳ್ ಬೋಳಾಗದೆ?"

ಅಮ್ಮ ಬಚ್ಚಲಲ್ಲಿದ್ದಾರೆ ಎಂದು ಒಳಗಿನಿಂದಲೇ ಸಿಡುಕಿದೆ.

"ಯಾವಾಗಿಂದ?"

ನನಗೆ ಗೊತ್ತಿರಲಿಲ್ಲ. ಮುಂದಿನ ಮಾತಿಗೆ ಕಾಯದೆ ಅವಳು ಹಾಲಿನ ಕ್ಯಾನನ್ನು ಜಗಲಿಯ ಮೇಲೆ ಕುಕ್ಕಿ, ಸಗಣಿ ಕಾಲಲ್ಲೇ ನೇರ ಒಳಗೆ ನುಗ್ಗಿದಳು. ಬಚ್ಚಲ ಬಾಗಿಲನ್ನು ಭುಜ ಕೊಟ್ಟು ತೆಗೆದಳು. ಅಮ್ಮ ನೆಲದ ಮೇಲೆ ಬಿದ್ದಿದ್ದರು, ಎಚ್ಚರವಿರಲಿಲ್ಲ, ನೀರೆಲ್ಲ ಕೆಂಪಾಗಿತ್ತು... ದೊಡ್ಡಮ್ಮ ಕಂಬಳಿಯಲ್ಲಿ ಸುತ್ತಿ ಮಗುವನ್ನೆತ್ತಿದ ಹಾಗೆ ಎತ್ತಿಕೊಂಡು ಬೀದಿಗೆ ಬಂದು ಜಟಕಾ ಕೂಗಿದಳು. ಬರಬೇಕಿದ್ದ ಮಗು ಬರಲಿಲ್ಲ. ಅಮ್ಮ ಉಳಿದರು. ಕ್ಯಾನಿನ ಹಾಲು ಸಂಜೆಯ ತನಕ ನಮ್ಮ ಜಗಲಿಯ ಮೇಲೆಯೇ ಇದ್ದು ಒಡೆದುಹೋಯಿತು. ಆವತ್ತು ಬೀದಿಯಲ್ಲಿ ಯಾರೂ ಕಾಫಿ ಕುಡಿಯಲಿಲ್ಲ, ಯಾರೂ ಏಕೆಂದು ಕೇಳಲಿಲ್ಲ.

ಅಮ್ಮ ಆಮೇಲೆ ಬಹಳ ವರ್ಷ ಬದುಕಿದರು. ಎದುರುಮನೆಯವಳು ಕೊಟ್ಟ ಆಯಸ್ಸು ಇದು ಎನ್ನುತ್ತಿದ್ದರು. ಬೆಳಿಗ್ಗೆ ತಮ್ಮ ರಂಗೋಲಿ ಮುಗಿಸಿ ಸೊಂಟ ನೆಟ್ಟಗೆ ಮಾಡಿ ಎದುರಿನ ಹೊಸಿಲನ್ನು ಒಮ್ಮೆ ನೋಡಿ ಒಳಗೆ ಬರುವುದು ಅವರ ಅಭ್ಯಾಸವೇ ಆಗಿಹೋಯಿತು.

ಪ್ಯಾಕೆಟ್ ಹಾಲು ಬಂತು. ಎಮ್ಮೆಗಳು ಹೋದವು. ದೊಡ್ಡಮ್ಮ ಮನೆಮನೆಗೆ ತಿರುಗುವುದು ನಿಂತಿತು; ಬೀದಿಯ ಹೊಸಿಲುಗಳನ್ನು ನೋಡುವವರು ಯಾರೂ ಇಲ್ಲದಾಯಿತು. ಅವಳಿಗೂ ಸೊಂಟ ಹಿಡಿದುಕೊಂಡಿತ್ತು. ಬಗ್ಗಿ ರಂಗೋಲಿ ಬಿಟ್ಟು ಏಳಬೇಕಾದರೆ ಗೋಡೆ ಹಿಡಿದು ಒದ್ದಾಡುತ್ತಿದ್ದಳು. ನೋಡುವವರಿಗೆ ಪಾಪ ಎನಿಸಿತು. ಒಂದು ಗೌರಿಹಬ್ಬಕ್ಕೆ ಬೀದಿಯ ಹೆಂಗಸರೆಲ್ಲ ಸೇರಿ, ಅಂಗಡಿಗಳ ಬೋರ್ಡು ಬರೆಯುವವನನ್ನು ಕರೆಸಿ, ಅವಳ ಹೊಸಿಲ ಮುಂದಿನ ಕಲ್ಲಿನ ಮೇಲೆ ಆಯಿಲ್ ಪೇಂಟಿನಲ್ಲಿ ದೊಡ್ಡ ರಂಗೋಲಿ ಬರೆಸಿದರು. ಹಬ್ಬಕ್ಕೆ ತವರಿಗೆ ಬಂದಿದ್ದ ನಾನೂ ನೋಡಿದೆ. ಬಿಳಿ, ಕೆಂಪು, ಹಳದಿ... ಬಹಳ ಚೆನ್ನಾಗಿತ್ತು. ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದನ್ನೇ ದುರುಗುಟ್ಟಿ ನೋಡಿದಳು.

"ಇದೇನ್ರೇ ಇದು? ನಾನ್ ಎದ್ದಿವ್ನೋ ಇಲ್ವೋ ಅಂತ ನಿಮ್ಗೆ ಎಂಗೆ ಗೊತ್ತಾಯ್ತದೆ?"

"ಅಯ್ಯೋ, ನಿನ್ ಬಾಯಿ ಕೇಳುಸ್ತದಲ್ಲ ಬುಡು ದೊಡ್ಡಮ್ಮ!" ಎಂದಳು ಮೂಲೆಮನೆಯವಳು. ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕಳು.

ಬಾಯಿ ಕೇಳಿಸಲಿಲ್ಲ. ಆ ಹೊತ್ತಿಗೆ ಎಲ್ಲರ ಮನೆಯಲ್ಲೂ ಬೆಳಿಗ್ಗೆಯಿಂದಲೇ ಟಿವಿ.

ದೊಡ್ಡಮ್ಮ ತನ್ನ ಕೋಣೆಯೊಳಗೇ ಬಿದ್ದಿದ್ದಳಂತೆ. ಎಷ್ಟು ದಿನವಾಗಿತ್ತೆಂದು ಯಾರೂ ಸರಿಯಾಗಿ ಹೇಳಲಿಲ್ಲ. ವಾರಕ್ಕೊಮ್ಮೆ ಅವಳ ಬಾಗಿಲಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಹೂವಿನವಳು ಬಂದು ಕರೆದಾಗ ಗೊತ್ತಾಯಿತು. ಬಿದ್ದಾಗಲೇ ಹೋದಳೋ, ಸ್ವಲ್ಪ ಕಾಲ ಯಾರಾದರೂ ಬರುತ್ತಾರೆಂದು ಕಾದಳೋ... ಡಾಕ್ಟರನ್ನು ಅದನ್ನು ಕೇಳುವ ಧೈರ್ಯ ಬೀದಿಗೆ ಬರಲಿಲ್ಲ. ನಾನು ಬರುವ ಹೊತ್ತಿಗೆ ಅಮ್ಮ ಜಗಲಿಯ ಮೇಲೆ ಕೂತಿದ್ದರು. ಅತ್ತಿರಲಿಲ್ಲ. ನನ್ನ ಕೈ ಹಿಡಿದುಕೊಂಡು ಒಂದೇ ಮಾತು.

"ನಾನು ದಿನಾ ನೋಡ್ದೆ ಕಣೇ. ದಿನಾ ರಂಗೋಲಿ ಇತ್ತು."

ಸಾವಿನ ಮನೆಯ ಮುಂದೆ ರಂಗೋಲಿ ಇರಬಾರದಲ್ಲ. ಹೆಂಗಸರು ಕೊಡಗಟ್ಟಲೆ ನೀರು ಹುಯ್ದು, ತೆಂಗಿನ ನಾರು ಹಾಕಿ ಉಜ್ಜಿದರು. ಒಳ್ಳೆಯ ಪೇಂಟು, ಒಂದು ಎಳೆಯೂ ಹೋಗಲಿಲ್ಲ. ಕೊನೆಗೆ ಅದರ ಮೇಲೆ ಗೋಣಿಚೀಲ ಹಾಸಿ ಅವಳನ್ನು ಹೊರಗೆ ತಂದರು. ಅಮ್ಮ ಅವತ್ತಿನಿಂದ ಸಾಯುವ ತನಕ ಎದುರಿನ ಕಡೆ ಮುಖ ಮಾಡಿ ರಂಗೋಲಿ ಬಿಡಲಿಲ್ಲ. ಬೀದಿಗೆ ಬೆನ್ನು ತಿರುಗಿಸಿ ಬಿಡುತ್ತಿದ್ದರು.

ಇಷ್ಟನ್ನೂ ನಾನು ಓನರಿಗೆ ಹೇಳಲಿಲ್ಲ. ಇದ್ದು ನೋಡಿ ಹೇಳುತ್ತೇನೆಂದು ಮಗಳನ್ನು ಒಪ್ಪಿಸಿ ಮನೆ ಹಿಡಿದೆ. ಸಾಮಾನು ಇಳಿಸಿದ ಮಾರನೆಯ ದಿನವೇ ಕೊಬ್ಬರಿ ಎಣ್ಣೆ ಸವರಿ, ಅಡುಗೆಮನೆಯ ಚಾಕುವಿನಲ್ಲಿ ಆ ಹಂಸಗಳನ್ನು ಕೆರೆದು ತೆಗೆದೆ. ಬೆಳಿಗ್ಗೆ ಎದ್ದು ನೀರು ಹಾಕಿ, ಗಿಡ್ಡ ಸ್ಟೂಲಿನ ಮೇಲೆ ಕೂತು, ಮಂಡಿ ಕಟಕಟ ಎನ್ನಿಸಿಕೊಂಡು ರಂಗೋಲಿ ಬಿಡತೊಡಗಿದೆ. ಈಗಲೂ ಕೋಳಿ ಕೆರೆದ ಹಾಗೆಯೇ. ಹೇಳುವವರಿಲ್ಲ, ಅಷ್ಟೇ.

ಬೀದಿಯ ಜನ ಕೆಟ್ಟವರಲ್ಲ. ನನ್ನ ಬಾಗಿಲಿನ ಎದುರಿಗೆ, ದೊಡ್ಡಮ್ಮನ ಕೋಣೆಯಿದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡವಿದೆ. ಅದರಲ್ಲಿ ಬಾಡಿಗೆಗಿರುವ ಹುಡುಗಿ ಬ್ಯಾಂಕಿನ ಕೆಲಸದವಳು, ಹೆಲ್ಮೆಟ್ ಹಾಕಿಕೊಳ್ಳುತ್ತಲೇ ನನಗೆ ಗುಡ್ ಮಾರ್ನಿಂಗ್ ಹೇಳುತ್ತಾಳೆ. "ಯಾಕಾಂಟಿ ಇಷ್ಟು ಕಷ್ಟ ಪಡ್ತೀರಾ? ಸ್ಟಿಕ್ಕರ್ ಸಿಗುತ್ತಲ್ಲ, ಆರ್ಡರ್ ಮಾಡ್ಕೊಡ್ಲಾ?" ಎಂದು ಕೇಳಿದ್ದಾಳೆ. ಒಳ್ಳೆಯ ಮನಸ್ಸಿನಿಂದಲೇ. ಕಳ್ಳತನ ಇಲ್ಲ, ಜಗಳ ಇಲ್ಲ, ಬೀದಿದೀಪ ಉರಿಯುತ್ತದೆ. ಆದರೂ ಮಗಳು ಫೋನಿನಲ್ಲಿ ಸೇಫಾ ಎಂದಾಗಲೆಲ್ಲ ನಾನು "ಇನ್ನೂ ನೋಡ್ತಿದೀನಿ" ಎನ್ನುತ್ತಿದ್ದೆ. ಏನು ನೋಡುತ್ತಿದ್ದೇನೆಂದು ಅವಳಿಗೆ ಅರ್ಥವಾಗುತ್ತಿರಲಿಲ್ಲ.

ಹೋದ ವಾರ ಒಂದು ದಿನ ರಂಗೋಲಿ ಬಿಡಲಿಲ್ಲ. ಬೇಕೆಂದೇ ಬಿಡಲಿಲ್ಲ. ನೀರೂ ಹಾಕಲಿಲ್ಲ. ಬಾಗಿಲು ತೆಗೆಯದೆ, ಕಿಟಕಿಯ ಕರ್ಟನ್ ಎಳೆದು, ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಹಾಲಿನ ಪ್ಯಾಕೆಟ್ಟು ಬಂದು ಬಿದ್ದ ಸದ್ದು ಕೇಳಿತು. ಪೇಪರು ಬಿತ್ತು. ಸ್ಕೂಲ್ ವ್ಯಾನು ಬಂದು ಹೋಯಿತು. ಯಾರೋ ಬಾಗಿಲ ಹತ್ತಿರವೇ ಫೋನಿನಲ್ಲಿ ನಗುತ್ತ ನಿಂತು, ನಗುತ್ತಲೇ ಹೋದರು. ಮಧ್ಯಾಹ್ನ ಏನೂ ತಿನ್ನಬೇಕೆನಿಸಲಿಲ್ಲ. ಒಂದು ಸಲ ಹೊರಗೆ ಏನೋ ತಗುಲಿದ ಸದ್ದಾಗಿ ಎದ್ದು ನಿಂತುಬಿಟ್ಟೆ, ಬಂದರು ಎಂದುಕೊಂಡೆ... ಯಾರೂ ಕರೆಯಲಿಲ್ಲ.

ಸಂಜೆ ಬಾಗಿಲು ತೆಗೆದೆ. ಹಾಲಿನ ಪ್ಯಾಕೆಟ್ಟೂ ಪೇಪರೂ ಒಂದು ಬದಿಗೆ ನೀಟಾಗಿ ಸರಿದಿದ್ದವು. ಹೊಸಿಲ ಮುಂದಿನ ಬೋಳು ಜಾಗದಲ್ಲಿ ಒಂದು ಸ್ಕೂಟರ್ ನಿಂತಿತ್ತು. ಬ್ಯಾಂಕಿನ ಹುಡುಗಿ ಕೀ ಹಿಡಿದು ಓಡಿ ಬಂದಳು.

"ಸಾರಿ ಆಂಟಿ, ಮಧ್ಯಾಹ್ನವೇ ಬಂದ್ಬಿಟ್ಟೆ, ಎಲ್ಲೂ ಜಾಗ ಸಿಗ್ಲಿಲ್ಲ. ದಿನಾ ರಂಗೋಲಿ ಇರುತ್ತಲ್ಲ, ತುಳೀಬಾರ್ದು ಅಂತ ಇಲ್ಲಿ ನಿಲ್ಲಿಸ್ತಾನೇ ಇರ್ಲಿಲ್ಲ. ಇವತ್ತು ಖಾಲಿ ಇತ್ತಲ್ಲ, ಅದಕ್ಕೇ..."

ಅವಳು ನೋಡಿದ್ದಳು. ಅದೇ ನನ್ನನ್ನು ಹೆಚ್ಚು ಕೊರೆದದ್ದು. ದಿನವೂ ನೋಡುತ್ತಿದ್ದಳು, ಅವತ್ತು ಇಲ್ಲದ್ದನ್ನೂ ನೋಡಿದ್ದಳು. ಹಾಲನ್ನೂ ಪೇಪರನ್ನೂ ತಾನೇ ಸರಿಸಿಟ್ಟಿದ್ದಳು.

"ಪರವಾಗಿಲ್ಲ," ಎಂದೆ. ಅವಳು ಗಾಡಿ ತೆಗೆದಳು. ಕೆಳಗೆ ಆಯಿಲಿನ ಒಂದು ಹನಿ ಕಪ್ಪಗೆ ಉಳಿದಿತ್ತು. ಎದುರಿನ ಕಟ್ಟಡವನ್ನು ನೋಡಿದೆ. ನನ್ನ ಅಮ್ಮನನ್ನು ಎತ್ತಿಕೊಂಡ ಆ ಭುಜ, ಆ ಕೆಟ್ಟ ಬಾಯಿ, ಆ ಸಗಣಿ ಕಾಲು... ಅಂಥ ಮ್ಯಾನರ್ಸ್ ಇಲ್ಲದವಳೊಬ್ಬಳು ಈ ಬೀದಿಗೆ ಇನ್ನು ಬರುವುದಿಲ್ಲ.

ಅಷ್ಟರಲ್ಲಿ ಮಗಳ ಫೋನು. "ಏನಮ್ಮ, ಇವತ್ತಾದ್ರೂ ಹೇಳ್ತೀಯಾ? ಸೇಫಾ ಇಲ್ವಾ?"

"ಸೇಫ್ ಕಣೇ," ಎಂದೆ. "ಇಲ್ಲಿ ಯಾರೂ ಬಾಗಿಲು ತಟ್ಟಲ್ಲ."

"ಸದ್ಯ, ಅಷ್ಟೇ ಬೇಕಿದ್ದು ಬಿಡಮ್ಮ," ಎಂದಳು.