ನಮ್ಮ ಲಾನಿನ ಮೇಲೊಂದು ಬೋರ್ಡು

ನವರಾತ್ರಿಯ ವಾರವಿಡೀ ನಮ್ಮ ಮನೆಯ ಮುಂದೆ ಕಾರುಗಳು ನಿಧಾನವಾಗುತ್ತಿದ್ದವು. ಗಾಜು ಇಳಿಸಿ, ನೋಡಿ, ನಕ್ಕು, ಕೈಬೀಸಿ ಹೋಗುತ್ತಿದ್ದರು. ಒಬ್ಬ ಅಜ್ಜ ಕಾರಿನಿಂದ ಇಳಿದು ಫೋಟೊ ತೆಗೆದುಕೊಂಡ.

ಅಡುಗೆಮನೆಯ ಕಿಟಕಿಯಿಂದ ನಾನೂ ಕೈಬೀಸಿದೆ. ಸುಮ್ಮನೆ ಬೀಸಲಿಲ್ಲ, ಎಲೆಕ್ಷನ್ನಿಗೆ ನಿಂತವರ ಹಾಗೆ ಬೀಸಿದೆ. "ನೋಡಿದ್ರಾ, ಇಡೀ ಊರು ನನ್ನ ಕಡೆ ಇದೆ" ಎಂದು ನಮ್ಮವರಿಗೆ ಹೇಳಿದೆ. ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ "ಹ್ಞೂಂ" ಎಂದರು. (ಮದುವೆಯಾದಾಗಿನಿಂದ ಅವರ ಬಹುಪಾಲು ಅಭಿಪ್ರಾಯಗಳು ಅಷ್ಟರಲ್ಲೇ ಮುಗಿಯುತ್ತವೆ.)

ಎಲ್ಲರೂ ನೋಡುತ್ತಿದ್ದುದು ಲಾನಿನ ಮೇಲೆ ನಾನು ನೆಟ್ಟಿದ್ದ ಬೋರ್ಡನ್ನು. ಹಸಿರು ಹಲಗೆ, ದಪ್ಪ ಬಿಳಿ ಅಕ್ಷರ. "ಸೇವ್ ಟಾಮ್ಸನ್ ಫಾರ್ಮ್! ನೋ ಮೋರ್ ಹೌಸಸ್!"

ಮನೆಗಳ ಮೇಲೆ ನನಗೇಕೆ ಅಷ್ಟು ಸಿಟ್ಟು? ಹೇಳುತ್ತೇನೆ.

ನಾವಿರುವುದು ನ್ಯೂಜೆರ್ಸಿಯ ಸಾಮರ್‌ಸೆಟ್ ಕೌಂಟಿಯಲ್ಲಿ, ಹಿಲ್ಸ್‌ಬರೋದಲ್ಲಿ. ಕೌಂಟಿ ಎಂದರೆ ನಮ್ಮ ಕಡೆಯ ಜಿಲ್ಲೆ ಅಂದುಕೊಳ್ಳಿ. ಈಶಾನ್ಯಕ್ಕೆ ವಾಚಂಗ್ ಗುಡ್ಡಗಳು, ನೈಋತ್ಯಕ್ಕೆ ಸೋರ್‌ಲ್ಯಾಂಡ್ ಬೆಟ್ಟ, ನಡುವೆ ರಾರಿಟನ್ ನದಿ. (ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬೆಳೆದವಳಿಗೆ ಇದು ದಿಬ್ಬ. ಇಲ್ಲಿಯವರು ಮೌಂಟನ್ ಅನ್ನುತ್ತಾರೆ, ನಾನೂ ಮರ್ಯಾದೆಗೆ ಹೌದೌದು ಅನ್ನುತ್ತೇನೆ.) ಉಳಿದ ಜಾಗದಲ್ಲಿ ಮೊದಲು ಮುಸುಕಿನ ಜೋಳ ಇತ್ತು. ಈಗ ಮನೆಗಳಿವೆ. ಮನೆಗಳಲ್ಲಿ ನಾವಿದ್ದೇವೆ.

ನಾವು ಬಂದ ಹೊಸತರಲ್ಲಿ ಕೊತ್ತಂಬರಿ ಸೊಪ್ಪು ಬೇಕೆಂದರೂ ದೂರದ ಐಸೆಲಿನ್‌ನ ಇಂಡಿಯನ್ ಅಂಗಡಿಗೆ ಡ್ರೈವ್ ಮಾಡಬೇಕಿತ್ತು. ಅಂಗಡಿಯಲ್ಲಿ ಯಾರದಾದರೂ ಹಣೆಯಲ್ಲಿ ಕುಂಕುಮ ಕಂಡರೆ ಸಾಕು, ಟ್ರಾಲಿ ಬಿಟ್ಟು ಓಡಿಹೋಗಿ "ನೀವು ಕನ್ನಡದವರಾ?" ಎಂದು ಕೇಳುತ್ತಿದ್ದೆ. ಈಗ ಪಕ್ಕದ ಹೆದ್ದಾರಿ ರೂಟ್ 206ರಲ್ಲೇ ಗೋರಿಕಾಯಿ ಸಿಗುತ್ತದೆ. ಸ್ಕೂಲ್ ಬಸ್ ನಿಲ್ಲುವ ಜಾಗದಲ್ಲಿ ಬೆಳಿಗ್ಗೆ ಮಲ್ಲೇಶ್ವರದ ಗದ್ದಲ. ಕುಂಕುಮ ಕಂಡರೆ ನಾನೇ ಪಕ್ಕದ ಸಾಲಿಗೆ ತಿರುಗಿಕೊಳ್ಳುತ್ತೇನೆ. ಪರಿಚಯವಾದರೆ ಮತ್ತೊಂದು ಸತ್ಯನಾರಾಯಣ ಪೂಜೆಗೆ ಹೋಗಬೇಕಲ್ಲ!

ನಮ್ಮ ಹಿತ್ತಲಿನ ಆಚೆ ಒಂದೇ ಒಂದು ಜೋಳದ ಹೊಲ ಉಳಿದಿತ್ತು. ಅದನ್ನು ನೋಡುತ್ತಾ ಬೆಳಗಿನ ಕಾಫಿ ಕುಡಿಯುವುದು ನನ್ನ ದಿನದ ಸುಖ. ಜಿಂಕೆಗಳು ಬರುತ್ತವೆ, ಬಂದು ನಮ್ಮ ದಾಸವಾಳ ತಿಂದು ಹೋಗುತ್ತವೆ, ಅವಕ್ಕೆ ಬೈಯುವುದೂ ಒಂದು ಸುಖವೇ. ಅಲ್ಲಿಗೆ ಗೋಡೆಗೆ ಗೋಡೆ ಅಂಟಿದ ಟೌನ್‌ಹೌಸುಗಳು ಬರುತ್ತವೆ ಎಂಬ ಸುದ್ದಿ ಬಂದದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. "ಇನ್ನೆಷ್ಟು ಜನ ಬರ್ತಾರ್ರೀ ಇಲ್ಲಿಗೆ? ಒಂದು ಲಿಮಿಟ್ ಬೇಡ್ವಾ?" ಎಂದು ಕೂಗಾಡಿದೆ. ಮುಂದಿನ ಮಂಗಳವಾರ ಟೌನ್‌ಶಿಪ್ ಆಫೀಸಿನಲ್ಲಿ ಊರವರ ಅಭಿಪ್ರಾಯ ಕೇಳುವ ಹಿಯರಿಂಗ್ ಇತ್ತು. ಅಲ್ಲಿ ಮೈಕ್ ಹಿಡಿದು ವಿರೋಧಿಸುತ್ತೇನೆ ಎಂದು ಹೆಸರು ಕೊಟ್ಟೆ.

ಬೋರ್ಡು ಸಿಕ್ಕಿದ್ದು ಪೆಗ್ಗಿಯಿಂದ. ಹಳೇ ರಸ್ತೆಯ ಬಿಳಿ ಮನೆಯಲ್ಲಿ ಹುಟ್ಟಿ ಅಲ್ಲೇ ಎಪ್ಪತ್ತು ದಾಟಿದ ಗಟ್ಟಿಗಿತ್ತಿ ಅವಳು. ಪ್ರತಿ ನವರಾತ್ರಿಗೂ ನಮ್ಮ ಗೊಂಬೆ ನೋಡಲು ಬರುತ್ತಾಳೆ, ಕಡಲೆ ಉಸಲಿ ಎರಡು ಸಲ ಹಾಕಿಸಿಕೊಳ್ಳುತ್ತಾಳೆ. ನಾವೆಲ್ಲ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಲೇ ಇರುವ ಬ್ಲೌಸ್ ಪೀಸುಗಳಿವೆಯಲ್ಲ, ಅವನ್ನು ನಿಜವಾಗಿ ಹೊಲಿದ ಏಕೈಕ ಹೆಂಗಸು ಇವಳೇ. ಜೋಡಿಸಿ ಜೋಡಿಸಿ ದೊಡ್ಡದೊಂದು ಕೌದಿ ಮಾಡಿದ್ದಾಳೆ. ಹೋರಾಟಕ್ಕೆ ಬೋರ್ಡು ಬೇಕು ಎಂದು ಫೋನ್ ಮಾಡಿದಾಗ, ಮಂಡಿಗೆ ಐಸ್ ಇಟ್ಟುಕೊಂಡು ಮಲಗಿದ್ದಳು. "ಗರಾಜಿನ ಮೂಲೆಯಲ್ಲಿ ಹಳೇವು ಇವೆ, ಬೇಕಾದ್ದು ತಗೊಂಡು ಹೋಗು" ಎಂದಳು. ನಾನು ಹೋಗಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ ತಂದೆ. ಟಾಮ್ಸನ್ ಎಂದರೆ ಹಿಂದಿನ ಹೊಲದ ಯಜಮಾನ ಇರಬೇಕು ಎಂದುಕೊಂಡೆ.

ಇತ್ತ ಮನೆಯಲ್ಲಿ ಗೊಂಬೆ ಕೂರಿಸುವ ಸಂಭ್ರಮ. ಮಗಳು ಅನನ್ಯ ಮೆಟ್ಟಿಲುಗಳ ಮುಂದೆ ಮೈಸೂರು ಅರಮನೆಯ ಬದಲು ಈ ಸಲ ನಮ್ಮ ಕೌಂಟಿಯನ್ನೇ ಕಟ್ಟಿದ್ದಳು. ಕಾಗದ ಮುದುರಿ ವಾಚಂಗ್ ಗುಡ್ಡ, ನೀಲಿ ದುಪಟ್ಟಾದ ರಾರಿಟನ್ ನದಿ. ಶೆಟ್ಟಿ ದಂಪತಿಯ ಗೊಂಬೆಗಳನ್ನು ಅಕ್ಕಿ ಬೇಳೆ ಸಮೇತ ರೂಟ್ 206ರ ಗ್ರೋಸರಿ ಅಂಗಡಿಯಲ್ಲಿ ಕೂರಿಸಿದ್ದಳು. ಚನ್ನಪಟ್ಟಣದ ಗೊಂಬೆಗಳೆಲ್ಲ ಕೌಂಟಿಯ ಜನ. ಟ್ರೇಯಲ್ಲಿ ಬೆಳೆಸಿದ ರಾಗಿ ಪೈರು ನಮ್ಮ ಹಿಂದಿನ ಹೊಲ.

"ಅಮ್ಮಾ, ವಿ ಹ್ಯಾವ್ ಟೂ ಮೆನಿ ಪೀಪಲ್. ಕೆಲವರನ್ನ ಹೊಲದಲ್ಲಿ ನಿಲ್ಲಿಸ್ಲಾ?" ಎಂದು ಕೇಳಿದಳು.

"ಹೊಲ ಮುಟ್ಟಿದ್ರೆ ನೋಡು!" ಎಂದು ಗದರಿದೆ.

ಶನಿವಾರ ಸಂಜೆ ಅರಿಶಿನ ಕುಂಕುಮಕ್ಕೆ ಎಲ್ಲರನ್ನೂ ಕರೆದಿದ್ದೆ. ಮಧ್ಯಾಹ್ನ ಸುನಂದಾಳ ಫೋನ್ ಬಂತು. ಧಾರವಾಡದವಳು, ನನ್ನ ಜೀವದ ಗೆಳತಿ. ಪಕ್ಕದ ರಾಜ್ಯದ ಜ್ಯಾಕ್ಸನ್ ಹೈಟ್ಸ್‌ನಲ್ಲಿ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ಅವಳ ಗಂಡನ ಕೆಲಸ ನಮ್ಮ ಕೌಂಟಿಗೆ ಬದಲಾಗಿ, ಅವರು ದಿನಾ ಸೇತುವೆಗಳನ್ನು ದಾಟಿ ಕಮ್ಯೂಟ್ ಮಾಡುತ್ತಾರೆ. ಈ ಕಡೆ ಮನೆ ಹುಡುಕಿ ಹುಡುಕಿ ಇಬ್ಬರೂ ಸೋತಿದ್ದರು. ಒಪ್ಪಿಗೆಯಾದ ಮನೆಯನ್ನೆಲ್ಲ ಯಾರೋ ಹಾರಿಸಿಕೊಂಡು ಹೋಗುತ್ತಿದ್ದರು.

"ಪದ್ಮಾ, ಯಾರ ಮುಂದೂ ಹೇಳಬ್ಯಾಡ. ಮನಿ ಸಿಗೂ ಹಂಗ ಅದ!" ಎಂದಳು. "ಬಿಲ್ಡರ್ ಕಡೆ ಹೆಸರು ಬರಿಸೀವಿ. ಪರ್ಮಿಷನ್ ಒಂದ ಆದ್ರ ಮೊದಲನೇ ಸಾಲಿನಾಗ ನಮ್ಮದು. ಎಲ್ಲಿ ಹೇಳು ನೋಡೋಣ? ನಿಮ್ಮ ಮನಿ ಹಿಂದ! ನೀ ಒಗ್ಗರಣಿ ಹಾಕಿದ್ರ ನನಗ ವಾಸನಿ ಬರ್ತದ!"

ನಾನು ಒಗ್ಗರಣೆಯ ಒಲೆ ಆರಿಸಿದೆ.

"ಯಾರೋ ಮಂಗಳವಾರ ಮೀಟಿಂಗ್‌ನಾಗ ವಿರೋಧ ಮಾಡಾವ್ರು ಇದ್ದಾರಂತ" ಎಂದು ಮುಂದುವರಿಸಿದಳು. "ಎಂಥಾ ಮಂದಿ ಇರ್ತಾರ ನೋಡು. ತಮಗ ಮನಿ ಅದ, ಇನ್ನೊಬ್ಬರಿಗೆ ಬ್ಯಾಡ! ಅವರಿಗೆ ಏನ ಬಂದದ?"

ನಾನು "ಹ್ಞೂಂ" ಎಂದೆ. ಆ ಅಕ್ಷರದ ಉಪಯೋಗ ಅವತ್ತು ತಿಳಿಯಿತು.

ಫೋನ್ ಇಟ್ಟವಳೇ ಬೋರ್ಡು ಕೀಳಲು ಓಡಿದೆ. ಬರುತ್ತದೆಯೇ? ಗಾಳಿಗೆ ಬೀಳಬಾರದೆಂದು ನಮ್ಮವರಿಂದಲೇ ಆಳವಾಗಿ ಹೊಡೆಸಿದ್ದೆ. ರೇಷ್ಮೆ ಸೀರೆ ಎತ್ತಿಕಟ್ಟಿ ಎಳೆದಾಡುತ್ತಿದ್ದೆ, ಅಷ್ಟರಲ್ಲಿ ಬೇಗ ಬಂದ ಆಂಟಿಯೊಬ್ಬರು ಡ್ರೈವ್‌ವೇಗೆ ತಿರುಗಿದರು. ಅವರ ಹಿಂದೆ ಇನ್ನೊಂದು ಕಾರು. ಎಲ್ಲರನ್ನೂ ಒಳಗೆ ಕರೆಯಬೇಕು, ಕುಂಕುಮ ಕೊಡಬೇಕು, ಉಸಲಿ ಬಡಿಸಬೇಕು. ಬೋರ್ಡು ಅಲ್ಲೇ ನಿಂತಿತು.

ಸುನಂದಾ ಬಂದಳು. ಕೈಯಲ್ಲಿ ಹೊಸ ಗೊಂಬೆಯ ಡಬ್ಬ. ನಮ್ಮ ಮನೆಯ ಪದ್ಧತಿ ಅವಳಿಗೆ ಗೊತ್ತು: ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಸೇರಲೇಬೇಕು. ಆದರೆ ಅವಳು ಲಾನಿನ ಕಡೆ ತಿರುಗಿ ಬಾಗಿಲಲ್ಲೇ ನಿಂತಳು.

"ಏನ ಪದ್ಮಾ ಅದು? ಆ ವಿರೋಧ ಮಾಡಾವ್ರು ಅಂದ್ರ ನೀನ ಏನು?"

"ಸುನಂದಾ, ನನಗೆ ಗೊತ್ತಿರಲಿಲ್ಲ ಕಣೇ..."

"ನಾವು ಬರೂದು ಗೊತ್ತಿರಲಿಲ್ಲ, ಖರೆ. ಬ್ಯಾರೆ ಯಾರರೇ ಬರೂದು ಗೊತ್ತಿತ್ತಲ್ಲ?"

ಅವಳ ಕಣ್ಣು ತುಂಬಿತ್ತು. ಜಿಂಕೆ ನೋಡುತ್ತಾ ಕಾಫಿ ಕುಡಿಯಬೇಕು, ಅದಕ್ಕೆ ನೀನು ಮೂರನೇ ಮಹಡಿ ಹತ್ತುತ್ತಿರು ಎನ್ನಲೇ?

ಅಷ್ಟರಲ್ಲಿ ಲಾನಿನಿಂದ ಯಾರೋ ಕಿರುಚಿದ ಸದ್ದು. ಓಡಿಹೋಗಿ ನೋಡಿದರೆ ಪೆಗ್ಗಿ, ಬೋರ್ಡಿಗೇ ಒರಗಿ ನಿಂತು ನಗುತ್ತಿದ್ದಾಳೆ. ನಕ್ಕು ನಕ್ಕು ಮುಖ ಕೆಂಪಾಗಿದೆ. ನಾನೂ ಸುನಂದಾಳೂ ಹಿಡಿದು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂರಿಸಿದೆವು.

"ಪದ್ಮಾ, ಟಾಮ್ಸನ್ ಫಾರ್ಮ್ ಎಲ್ಲಿದೆ ಗೊತ್ತಾ?" ಎಂದು ಕೇಳಿದಳು.

ನಾನು ಹಿತ್ತಲ ಕಡೆ ಕೈ ತೋರಿಸಿದೆ.

"ನೋ ಹನಿ. ಯು ಆರ್ ಸ್ಟ್ಯಾಂಡಿಂಗ್ ಆನ್ ಇಟ್."

ಅಂದರೆ ಇದು ನಮ್ಮ ಕಾಲನಿ ಕಟ್ಟುವುದರ ವಿರುದ್ಧ ಪೆಗ್ಗಿಯವರು ಮಾಡಿಸಿದ್ದ ಬೋರ್ಡು! ನಮ್ಮ ಮನೆ ಏಳಲೇಬಾರದು ಎನ್ನುವ ಹಲಗೆಯನ್ನು ನಮ್ಮ ಮನೆ ಮುಂದೆಯೇ ನೆಟ್ಟು, ನೋಡಿ ನಕ್ಕವರಿಗೆಲ್ಲ ಕೈಬೀಸಿದ್ದೇನೆ. ನಮ್ಮ ರಸ್ತೆಯ ಹೆಸರು ಕಾರ್ನ್‌ಫೀಲ್ಡ್ ಲೇನ್. ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಆ ಹೆಸರು ಏಕೆ ಬಂತು ಎಂದು ಯೋಚಿಸಬಾರದಿತ್ತೇ? ಯಾವ ಕನ್ನಡದವರು ಸಿಕ್ಕರೂ "ನಿಮ್ಮ ತಾಯಿ ಕಡೆಯವರು ಯಾವೂರು?" ಎಂದು ವಂಶವನ್ನೇ ಜಾಲಾಡುವ ನಾವು, ಕಾಲ ಕೆಳಗಿನ ನೆಲ ಯಾರದಾಗಿತ್ತು ಎಂದು ಕೇಳುವುದೇ ಇಲ್ಲ.

"ನೀನು ನಮ್ಮ ವಿರುದ್ಧ ಹೋರಾಡಿದ್ಯಾ?" ಎಂದೆ.

"ಜೋರಾಗಿ. ಸೋತೆ. ಆಮೇಲೆ ನೀನು ಡಬ್ಬಿಯಲ್ಲಿ ಉಸಲಿ ಹಿಡಿದುಕೊಂಡು ಬಂದೆ" ಎಂದಳು ಪೆಗ್ಗಿ. "ಇವತ್ತು ಮಾಡಿದ್ದೀಯ ತಾನೆ?"

ಮೊದಲು ನಕ್ಕಿದ್ದು ಸುನಂದಾ. ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ನಾನೂ ಸೇರಿಕೊಂಡೆ, ನಗದೆ ಇನ್ನೇನು ಮಾಡಲಿ?

ಒಳಗೆ ಬಂದು ಅವಳ ಡಬ್ಬ ತೆರೆದೆವು. ಮರದ ಗಂಡಹೆಂಡಿರ ಜೋಡಿ. ಮೆಟ್ಟಿಲುಗಳಲ್ಲಿ ಜಾಗವಿಲ್ಲ. ಅನನ್ಯ ನನ್ನ ಮುಖ ನೋಡಿದಳು. ನಾನೇ ರಾಗಿ ಪೈರನ್ನು ಅತ್ತಿತ್ತ ಸರಿಸಿ, ಹೊಲದ ನಡುವೆ ಅವರನ್ನು ನಿಲ್ಲಿಸಿದೆ. ಪೈರು ಚೂರು ಬಾಗಿತು. ಹಾಗೆಂದು ಕೌಂಟಿಯೇನೂ ಮುಳುಗಲಿಲ್ಲ.

ಮಂಗಳವಾರ ಹಿಯರಿಂಗ್‌ಗೆ ಹೋದೆ. ಹೆಸರು ಕೊಟ್ಟಾಗಿತ್ತು, ಮಾತಾಡಲೇಬೇಕಿತ್ತು. ಮನೆಗಳು ಬರಲಿ, ಆದರೆ ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಒಂದು ಕಾಲುದಾರಿ ಬಿಡಿ, ಹಳೇ ಓಕ್ ಮರಗಳನ್ನು ಕಡಿಯಬೇಡಿ ಎಂದೆ. ಮನೆಗಳಿಗೆ ಒಪ್ಪಿಗೆ ಸಿಕ್ಕಿತು. ಸುನಂದಾ ಆಗಲೇ ಪರದೆಯ ಬಣ್ಣ ಆರಿಸುತ್ತಿದ್ದಾಳೆ. ಅವಳ ಅಡುಗೆಮನೆ ಕಿಟಕಿ ಬರುವ ಜಾಗದಿಂದ ಪಕ್ಕದ ಪಂಪ್‌ಕಿನ್ ಹೊಲ ಚೆನ್ನಾಗಿ ಕಾಣುತ್ತದಂತೆ. "ಎಷ್ಟು ಶಾಂತ ಅದ ಅಂತೀ!" ಎಂದು ದಿನಾ ಫೋನ್ ಮಾಡಿ ಹೇಳುತ್ತಾಳೆ.

ಬೋರ್ಡನ್ನು ಕೊನೆಗೂ ನಮ್ಮವರು ಕಿತ್ತರು. "ಟ್ರ್ಯಾಶ್‌ಗೆ ಹಾಕ್ಲಾ?" ಎಂದು ಕೇಳಿದರು.

"ಬೇಡ, ಗರಾಜಿನಲ್ಲಿ ಜೋಪಾನವಾಗಿಡಿ" ಎಂದೆ. "ಸುನಂದಾಗೆ ಬೇಕಾಗುತ್ತೆ."